ಕಾದ ಕ್ವಾರ್ಕ್-ಗ್ಲುವಾನ್ ದ್ರವ್ಯದ ಸಾಮೂಹಿಕ ಸ್ಪಂದನಗಳು

೧. ಪ್ರಶ್ನೆಯ ಸ್ವರೂಪ

ಪದಾರ್ಥಗಳು ಘನ, ದ್ರವ, ಅನಿಲ ಎಂಬ ಮೂರು ಅವಸ್ಥೆಗಳಲ್ಲಿ ಇರುವುವೆಂಬುದು ವಾಚಕರಿಗೆ ತಿಳಿದ ವಿಷಯವೇ ಸರಿ. ಶಾಖವನ್ನು ಹೆಚ್ಚಿಸುತ್ತ ಹೋದರೆ ಮಂಜುಗಡ್ಡೆಯು ನೀರಾಗಿಯೂ ನೀರು ಆವಿಯಾಗಿಯೂ ಮಾರ್ಪಡುವುದು. ಇನ್ನೂ ಹೆಚ್ಚಿಸಿದರೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುವುವು. ಯಾವ ಉಷ್ಣತೆಯಲ್ಲಿ, ಯಾವ ಒತ್ತಡದಲ್ಲಿ ಪರಮಾಣುಗಳ ಎಷ್ಟು ಪಾಲು ಹೀಗೆ ಒಡೆಯುವುದೆಂಬುದನ್ನು ೧೯೨೦ರಲ್ಲಿ ಮೇಘನಾದ ಸಾಹಾ ಅವರು ಸಮೀಕರಣರೂಪದಲ್ಲಿ ನಿರೂಪಿಸಿದರು. ಹೀಗೆ ಒಡೆದ ಅನಿಲಕ್ಕೆ ೧೯೨೮ರಲ್ಲಿ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಅವರು ಪ್ಲಾಸ್ಮಾ ಎಂದು ಹೆಸರಿಟ್ಟರು.

ಇಷ್ಟಕ್ಕೇ ಶಾಖದ ಕೆಲಸವು ಮುಗಿಯಲಿಲ್ಲ. ಪರಮಾಣುವಿನ ಬೀಜದಲ್ಲಿರುವ ಪ್ರೋಟಾನು ನ್ಯೂಟ್ರಾನುಗಳು ಕ್ವಾರ್ಕುಗಳೆಂಬ ಕಣಗಳಿಂದಲೂ, ಅವುಗಳನ್ನು ಬಂಧಿಸುವ ಗ್ಲುವಾನುಗಳಿಂದಲೂ ಆದುವು. ಉಷ್ಣತೆಯು ಸುಮಾರು ೧.೮ ಲಕ್ಷ ಕೋಟಿ ಡಿಗ್ರಿಗಳನ್ನು ಮುಟ್ಟಿದಾಗ, ಎಂದರೆ ಸೂರ್ಯನ ಕೇಂದ್ರದಲ್ಲಿರುವುದಕ್ಕಿಂತ ಲಕ್ಷಪಟ್ಟಿಗೂ ಹೆಚ್ಚಾದಾಗ, ಪ್ರೋಟಾನು ನ್ಯೂಟ್ರಾನುಗಳ ಎಲ್ಲೆಗಳು ಕರಗಿಹೋಗಿ ಕ್ವಾರ್ಕುಗಳೂ ಗ್ಲುವಾನುಗಳೂ ಒಂದೇ ರಾಶಿಯಾಗಿ ಬೆರೆಯುವುವು. ಇದೇ ಕ್ವಾರ್ಕ್-ಗ್ಲುವಾನ್ ದ್ರವ್ಯ. ಚಿನ್ನ ಸೀಸ ಮೊದಲಾದ ಭಾರವಾದ ಪರಮಾಣುಬೀಜಗಳನ್ನು ಬೆಳಕಿನ ವೇಗಕ್ಕೆ ಅತಿ ಸಮೀಪವಾದ ವೇಗದಲ್ಲಿ ಎದುರುಬದುರಾಗಿ ಡಿಕ್ಕಿಹೊಡೆಯಿಸಿ ಇದನ್ನು ಪ್ರಯೋಗಶಾಲೆಯಲ್ಲಿ ಹುಟ್ಟಿಸುತ್ತಾರೆ.

ಆದರೆ ಇಲ್ಲೊಂದು ತೊಡಕುಂಟು. ಹೀಗೆ ಹುಟ್ಟಿದ ತುಣುಕಿನ ಅಗಲವು ಸುಮಾರು ಹತ್ತು ಫೆರ್ಮಿಗಳು ಮಾತ್ರ. ಒಂದು ಮೀಟರನ್ನು ೧ರ ಮುಂದೆ ೧೫ ಸೊನ್ನೆಗಳನ್ನಿಟ್ಟ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಒಂದು ಫೆರ್ಮಿ. ಇದರ ಆಯುಸ್ಸಾದರೋ ಇನ್ನೂ ವಿಚಿತ್ರವಾದುದು. ಒಂದು ಸೆಕೆಂಡನ್ನು ೧ರ ಮುಂದೆ ೨೩ ಸೊನ್ನೆಗಳನ್ನಿಟ್ಟ ಸಂಖ್ಯೆಯಿಂದ ಭಾಗಿಸಿದರೆ ಬರುವ ಕಾಲವನ್ನು ಈ ಲೇಖನದ ಮಟ್ಟಿಗೆ ಒಂದು 'ಲವ'ವೆಂದು ಕರೆಯೋಣ. ಒಂದು ಲವದಲ್ಲಿ ಬೆಳಕು ಕೂಡ ಮೂರು ಫೆರ್ಮಿಗಳಷ್ಟೇ ಸಾಗಬಲ್ಲುದು. ಕ್ವಾರ್ಕ್-ಗ್ಲುವಾನ್ ದ್ರವ್ಯವು ಹುಟ್ಟಿ, ಹಿಗ್ಗಿ, ತಣಿದು, ಸಾಮಾನ್ಯ ಕಣಗಳಾಗಿ ಚೆದರಿಹೋಗುವುದಕ್ಕೆ ಸುಮಾರು ಮೂರು ಲವಗಳು ಸಾಕು. ಇಷ್ಟು ಕಿರಿದಾಗಿಯೂ ಅಲ್ಪಾಯುವಾಗಿಯೂ ಇರುವುದನ್ನು 'ದ್ರವ್ಯ'ವೆಂದು ಕರೆಯಲು ನಮಗೆ ಅಧಿಕಾರವೇನು? ಒಂದೆಡೆ ಕ್ಷಣಮಾತ್ರ ಗುಂಪುಗೂಡಿದ ಕಣಗಳೆಂದಷ್ಟೇ ಏಕೆ ಹೇಳಬಾರದು?

ರಥೋತ್ಸವದಲ್ಲಿ ಕಿಕ್ಕಿರಿದ ಜನರನ್ನು ನೆನೆದುಕೊಂಡರೆ ಈ ಪ್ರಶ್ನೆಯ ಮರ್ಮವು ತಿಳಿಯುವುದು. ಬಯಲಿನಲ್ಲಿ ಅಲ್ಲಲ್ಲಿ ನಡೆಯುತ್ತಿರುವ ನೂರು ಮಂದಿ ಬರಿಯ ನೂರು ಮಂದಿ. ಅವರಲ್ಲೊಬ್ಬನನ್ನು ತಳ್ಳಿದರೆ ಅವನೊಬ್ಬನೇ ಮುಗ್ಗರಿಸುವನು. ರಥಬೀದಿಯಲ್ಲಿ ಒತ್ತಾಗಿ ನಿಂತವರಲ್ಲಿಯಾದರೋ ಒಂದು ಕಡೆಯ ನೂಕು ಅಲೆಯಾಗಿ ಬೀದಿಯ ಇನ್ನೊಂದು ಕೊನೆಯನ್ನು ಮುಟ್ಟುವುದು. ಆದರೆ ಯಾವನೊಬ್ಬನೂ ಈ ಕೊನೆಯಿಂದ ಆ ಕೊನೆಗೆ ಹೋಗಿರುವುದಿಲ್ಲ. ಆ ಅಲೆಯು ಯಾವ ವ್ಯಕ್ತಿಗೂ ಸೇರಿದುದಲ್ಲ, ಸಮೂಹಕ್ಕೆ ಸೇರಿದುದು. ಇಂಥ ಅಲೆಗಳನ್ನೇ ಸಾಮೂಹಿಕ ಸ್ಪಂದನಗಳೆನ್ನುತ್ತಾರೆ. ಸಾಮೂಹಿಕ ಸ್ಪಂದನಗಳಿರುವ ಕಡೆ ದ್ರವ್ಯವುಂಟು. ಇಲ್ಲದ ಕಡೆ ಕಣಗಳ ರಾಶಿ ಮಾತ್ರ. ಈ ಒರೆಗಲ್ಲಿನಲ್ಲಿ ಕ್ವಾರ್ಕ್-ಗ್ಲುವಾನ್ ದ್ರವ್ಯವನ್ನು ತಿಕ್ಕಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨. ವಿದ್ಯುತ್ ಪ್ಲಾಸ್ಮಾದ ದೃಷ್ಟಾಂತ

ಮೊದಲು ನಮಗೆ ಹೆಚ್ಚು ಪರಿಚಿತವಾದ ವಿದ್ಯುತ್ ಪ್ಲಾಸ್ಮಾವನ್ನು ತೆಗೆದುಕೊಳ್ಳೋಣ. ಇದರಲ್ಲಿ ಋಣವಿದ್ಯುತ್ತಿನ ಎಲೆಕ್ಟ್ರಾನುಗಳೂ ಧನವಿದ್ಯುತ್ತಿನ ಭಾರವಾದ ಕಣಗಳೂ ಸಮನಾಗಿ ಬೆರೆತಿರುವುವು. ಒಂದು ಭಾಗದ ಎಲೆಕ್ಟ್ರಾನುಗಳನ್ನೆಲ್ಲ ತುಸು ಪಕ್ಕಕ್ಕೆ ಸರಿಸಿದೆವೆಂದು ಭಾವಿಸಿರಿ. ಹಿಂದುಳಿದ ಧನವಿದ್ಯುತ್ತು ಅವುಗಳನ್ನು ಹಿಂದಕ್ಕೆ ಸೆಳೆಯುವುದು. ಸೆಳೆತಕ್ಕೆ ಸಿಕ್ಕಿ ಹಿಂದಿರುಗಿದ ಎಲೆಕ್ಟ್ರಾನುಗಳು ಉಯ್ಯಾಲೆಯಂತೆ ತಮ್ಮ ಮೊದಲಿನ ಸ್ಥಾನವನ್ನು ದಾಟಿ ಆಚೆಗೆ ಹೋಗುವುವು. ಮತ್ತೆ ಈಚೆಗೆ ಸೆಳೆಯಲ್ಪಡುವುವು. ಈ ತೂಗಾಟವನ್ನು ೧೯೨೯ರಲ್ಲಿ ಟಾಂಕ್ಸ್ ಮತ್ತು ಲ್ಯಾಂಗ್‌ಮ್ಯೂರ್ ಅವರು ವಿವರಿಸಿದರು. ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ತೂಗುವುದೆಂಬುದು ಎಲೆಕ್ಟ್ರಾನುಗಳ ದಟ್ಟಣೆಯನ್ನು ಅವಲಂಬಿಸಿರುವುದು. ಇದೇ ಪ್ಲಾಸ್ಮಾದ ಸಹಜ ಆವೃತ್ತಿ.

ಇದರಿಂದ ಮೂರು ಫಲಗಳು ಉಂಟಾಗುತ್ತವೆ. ಮೊದಲನೆಯದಾಗಿ, ತನ್ನ ಚಲನೆಯ ದಿಕ್ಕಿನಲ್ಲಿಯೇ ಹಿಂದುಮುಂದಾಗಿ ಅಲುಗುವ ಒಂದು ವಿದ್ಯುತ್ತರಂಗವು ಪ್ಲಾಸ್ಮಾದಲ್ಲಿ ಸಾಧ್ಯವಾಗುವುದು. ಬರಿಯ ಆಕಾಶದಲ್ಲಿ ಇಂಥ ಅಲೆಯಿಲ್ಲ. ಇದು ಕೇವಲ ಸಮೂಹದ ಸೃಷ್ಟಿ. ಎರಡನೆಯದಾಗಿ, ಸಹಜ ಆವೃತ್ತಿಗಿಂತ ಕಡಿಮೆ ಆವೃತ್ತಿಯುಳ್ಳ ರೇಡಿಯೋ ತರಂಗಗಳು ಪ್ಲಾಸ್ಮಾವನ್ನು ಹೊಗಲಾರದೆ ಹಿಂದಿರುಗುವುವು. ದೂರದೇಶದ ಹ್ರಸ್ವತರಂಗದ ಪ್ರಸಾರವು ಭೂಮಿಯ ಗುಂಡನ್ನು ಬಳಸಿಕೊಂಡು ನಮ್ಮನ್ನು ಮುಟ್ಟುವುದು ಮೇಲಿನ ವಾಯುಮಂಡಲದಲ್ಲಿರುವ ಪ್ಲಾಸ್ಮಾದ ಪದರದಿಂದ ಪ್ರತಿಫಲಿಸಿಯೇ. ಮೂರನೆಯದಾಗಿ, ಪ್ಲಾಸ್ಮಾದೊಳಗೆ ಇಟ್ಟ ಯಾವ ವಿದ್ಯುತ್ಕಣದ ಸುತ್ತಲೂ ವಿರುದ್ಧ ಜಾತಿಯ ಕಣಗಳು ಕವಿದುಕೊಂಡು ಅದರ ಪ್ರಭಾವಕ್ಕೆ ಮರೆಯೊಡ್ಡುವುವು. ಸ್ವಲ್ಪ ದೂರದಿಂದಾಚೆಗೆ ಅದು ಇದ್ದೂ ಇಲ್ಲದಂತಾಗುವುದು.

೩. ವರ್ಣಪ್ಲಾಸ್ಮಾದ ಅಲೆಗಳು

ಕ್ವಾರ್ಕುಗಳನ್ನು ಕಟ್ಟಿಹಾಕುವ ಬಲವು ವಿದ್ಯುತ್ತಿನದಲ್ಲ. 'ವರ್ಣ'ವೆಂದು ಸಂಕೇತದಿಂದ ಕರೆಯುವ ಬೇರೊಂದು ಗುಣದ್ದು. ಕಣ್ಣಿಗೆ ಕಾಣುವ ಬಣ್ಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಬಲವು ದೂರದಲ್ಲಿ ಪ್ರಬಲವಾಗಿಯೂ ಸಮೀಪದಲ್ಲಿ ದುರ್ಬಲವಾಗಿಯೂ ಇರುವುದೆಂದು ೧೯೭೩ರಲ್ಲಿ ಗ್ರಾಸ್, ವಿಲ್ಚೆಕ್, ಪಾಲಿಟ್ಸರ್ ಎಂಬ ಮೂವರು ತೋರಿಸಿದರು. ೨೦೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಹಾಗಾದರೆ ಕಣಗಳನ್ನು ಅತಿ ಸಮೀಪಕ್ಕೆ ಒತ್ತಿದರೆ ಅಥವಾ ಅತಿಯಾಗಿ ಕಾಯಿಸಿದರೆ ಬಂಧನವು ಸಡಿಲವಾಗಬೇಕೆಂದು ೧೯೭೫ರಲ್ಲಿ ಕಾಲಿನ್ಸ್ ಮತ್ತು ಪೆರಿ ಎಂಬವರೂ, ಕಬೀಬೋ ಮತ್ತು ಪರೀಸಿ ಎಂಬವರೂ ಊಹಿಸಿದರು. ಈ ಅವಸ್ಥೆಯನ್ನು ಪ್ಲಾಸ್ಮಾವೆಂದು ೧೯೭೮ರಲ್ಲಿ ಕರೆದವರು ಶುರ್ಯಾಕ್ ಅವರು. ಹೆಸರು ಬಂದಮೇಲೆ ಪ್ಲಾಸ್ಮಾದ ಲಕ್ಷಣಗಳೂ ಇರಬೇಕಷ್ಟೆ.

೧೯೮೦ರ ದಶಕದ ಮೊದಲಲ್ಲಿ ಕ್ಲಿಮೋವ್, ವೆಲ್ಡನ್ ಎಂಬವರು ಈ ಲಕ್ಷಣಗಳನ್ನು ಗಣಿಸಿದರು. ಬರಿಯ ಆಕಾಶದಲ್ಲಿ ಗ್ಲುವಾನಿಗೆ ರಾಶಿಯಿಲ್ಲ. ಕಾದ ದ್ರವ್ಯದಲ್ಲಿ ಅದು ಹೆಜ್ಜೆಹೆಜ್ಜೆಗೂ ಕ್ವಾರ್ಕುಗಳನ್ನೂ ಇತರ ಗ್ಲುವಾನುಗಳನ್ನೂ ಅಲುಗಿಸಿಕೊಂಡು ಹೋಗಬೇಕಾದುದರಿಂದ ರಾಶಿಯುಳ್ಳದ್ದರಂತೆ ನಡೆದುಕೊಳ್ಳುವುದು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಬೆಳಕಿನ ಕಣಕ್ಕೆ ವಿದ್ಯುತ್ತಿಲ್ಲ. ಗ್ಲುವಾನಿಗಾದರೋ ತನಗೇ ವರ್ಣವುಂಟು. ಆದುದರಿಂದ ಇಲ್ಲಿ ಅಲೆಯೂ ಗ್ಲುವಾನೇ, ಅಲೆಯನ್ನು ಹೊರುವ ಸಮೂಹದ ಒಂದು ಪಾಲೂ ಗ್ಲುವಾನೇ.

ವರ್ಣಬಲದ ತೀವ್ರತೆಯನ್ನು ತಿಳಿಸುವ ಸಂಖ್ಯೆಗೆ ಬಲಾಂಕವೆಂದು ಹೆಸರಿಡೋಣ. ಬಲಾಂಕವು ಒಂದಕ್ಕಿಂತ ತೀರ ಚಿಕ್ಕದಾಗಿರುವಾಗ, ವರ್ಣಪ್ಲಾಸ್ಮಾದ ಸಹಜ ಆವೃತ್ತಿಯು ಬಲಾಂಕವನ್ನು ಉಷ್ಣತೆಯಿಂದ ಗುಣಿಸಿದ ಮೊತ್ತಕ್ಕೆ ಅನುಗುಣವಾಗಿರುವುದು. ಹಗುರವಾದ ಕ್ವಾರ್ಕು ಜಾತಿಗಳು ಮೂರೆಂದು ಇಟ್ಟುಕೊಂಡರೆ ಅದು ಆ ಮೊತ್ತದ ಸುಮಾರು ೦.೭ರಷ್ಟು.

ಕ್ವಾರ್ಕುಗಳ ವಿಷಯವು ಇನ್ನೂ ಕುತೂಹಲಕರವಾದುದು. ಅತ್ಯಂತ ಹಗುರವಾದ ಎರಡು ಜಾತಿಯ ಕ್ವಾರ್ಕುಗಳ ಸಹಜ ರಾಶಿಯು ಶಕ್ತಿಮಾನದಲ್ಲಿ ೨ರಿಂದ ೫ ದಶಲಕ್ಷ ಎಲೆಕ್ಟ್ರಾನ್-ವೋಲ್ಟುಗಳು ಮಾತ್ರ. ದ್ರವ್ಯದ ಉಷ್ಣತೆಯು ೩೦೦ ದಶಲಕ್ಷ ಎಲೆಕ್ಟ್ರಾನ್-ವೋಲ್ಟಿಗೆ ಸಮನಾಗಿ, ಬಲಾಂಕವು ೨ ಆಗಿದೆಯೆಂದು ಎಣಿಸಿದರೆ, ನಿಂತಿರುವ ಕ್ವಾರ್ಕಿನ ಶಕ್ತಿಯು ಸುಮಾರು ೨೪೫ ಆಗುವುದು. ಜಾತ್ರೆಯ ನಡುವೆ ನಡೆಯುವವನು ಹೊರೆಹೊತ್ತವನಂತೆ ಬಳಲುವನಲ್ಲವೆ? ಈ ಹೆಚ್ಚಿನ ಭಾರವು ಅಂಥದು. ಇದಲ್ಲದೆ ಸಾಮಾನ್ಯ ಕ್ವಾರ್ಕಿನ ಅಲೆಯೊಡನೆ ಇನ್ನೊಂದು ಜಾತಿಯ ಅಲೆಯೂ ಕಾಣಿಸಿಕೊಳ್ಳುವುದು. ಇದಕ್ಕೆ ಪ್ಲಾಸ್ಮಿನೋ ಎಂದು ಹೆಸರು. ಬರಿಯ ಆಕಾಶದಲ್ಲಿ ಇದಕ್ಕೆ ಅಸ್ತಿತ್ವವೇ ಇಲ್ಲ; ಸಮೂಹವು ತಣಿದು ಚೆದರಿದೊಡನೆ ಇದೂ ಅಳಿಯುವುದು.

೪. ಅಲೆಗಳ ಆಯುಸ್ಸು

ಅಲೆಯು ಹುಟ್ಟಿದರೆ ಸಾಲದು. ಕಾಣಿಸಿಕೊಳ್ಳುವಷ್ಟು ಕಾಲ ಬಾಳಬೇಕು. ಗ್ಲುವಾನಿನ ಅಲೆಯು ಎಷ್ಟು ಬೇಗ ಅಡಗುವುದೆಂಬುದನ್ನು ಗಣಿಸಲು ಹೊರಟ ವಿದ್ವಾಂಸರು ೧೯೮೦ರ ದಶಕದಲ್ಲಿ ದೊಡ್ಡ ಗೊಂದಲಕ್ಕೆ ಸಿಕ್ಕಿದರು. ಈ ಬಗೆಯ ಗಣಿತದಲ್ಲಿ ಸೌಕರ್ಯಕ್ಕೆ ತಕ್ಕಂತೆ 'ಗೇಜ್' ಎಂಬ ಒಂದು ಕ್ರಮವನ್ನು ಆರಿಸಿಕೊಳ್ಳಬೇಕಾಗುವುದು. ಯಾವುದನ್ನು ಆರಿಸಿಕೊಂಡರೂ ಕಡೆಯ ಉತ್ತರವು ಒಂದೇ ಆಗತಕ್ಕದ್ದು. ದೇವಸ್ಥಾನದ ಗೋಪುರವನ್ನು ಬೀದಿಯ ಮಟ್ಟದಿಂದ ಅಳೆದರೂ ಸಮುದ್ರದ ಮಟ್ಟದಿಂದ ಅಳೆದರೂ ತಳಕ್ಕೂ ಕಲಶಕ್ಕೂ ಇರುವ ಅಂತರವು ಬೇರೆಯಾಗಲಾರದು. ಆದರೆ ಇಲ್ಲಿ ಒಂದೊಂದು ಕ್ರಮಕ್ಕೆ ಒಂದೊಂದು ಉತ್ತರವು ಬಂದಿತು. ಕೆಲವು ಕ್ರಮಗಳಲ್ಲಿ ಅಲೆಯು ಅಡಗುವುದಕ್ಕೆ ಬದಲಾಗಿ ಬೆಳೆಯುತ್ತ ಹೋಗುವುದೆಂದು ತೋರಿತು. ಇದು ನಿಜವಾದರೆ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾವು ತನ್ನಷ್ಟಕ್ಕೆ ತಾನೇ ನಿಲ್ಲಲಾರದ ವಸ್ತುವಾಗುವುದು. ಆದುದರಿಂದ ಇದು ಲೆಕ್ಕದ ತಪ್ಪೋ ವಸ್ತುವಿನ ಸ್ವಭಾವವೋ ಎಂಬುದು ತೀರ್ಮಾನವಾಗಬೇಕಾಗಿತ್ತು.

ಈ ಗೊಂದಲವನ್ನು ೧೯೯೦ರಲ್ಲಿ ಬ್ರಾಟನ್ ಮತ್ತು ಪಿಸಾರ್ಸ್ಕಿ ಎಂಬವರು ಬಗೆಹರಿಸಿದರು. ಅವರು ಕಂಡ ದೋಷವು ಸರಳವಾದುದು. ನಿಧಾನವಾದ ಅಲೆಯು ಸಮೂಹದಿಂದ ಬದಲಾಗುವುದೆಂದು ಒಪ್ಪಿದಮೇಲೆ, ಆ ಅಲೆಗೆ ಎದುರಾಗುವ ಇತರ ನಿಧಾನವಾದ ಅಲೆಗಳೂ ಹಾಗೆಯೇ ಬದಲಾಗಿರತಕ್ಕದ್ದು. ಹಿಂದಿನವರು ಇವುಗಳನ್ನು ಮಾತ್ರ ಬರಿಯ ಆಕಾಶದ ಗ್ಲುವಾನುಗಳಂತೆ ಲೆಕ್ಕಕ್ಕೆ ಹಿಡಿದಿದ್ದರು. ಎಲ್ಲ ನಿಧಾನದ ಅಲೆಗಳಿಗೂ ಸಮೂಹದ ಹೊದಿಕೆಯನ್ನು ಸಮನಾಗಿ ಹೊದಿಸಿದಾಗ ಎಲ್ಲ ಕ್ರಮಗಳಿಂದಲೂ ಒಂದೇ ಉತ್ತರವು ದೊರೆಯಿತು. ಅಲೆಯು ಬೆಳೆಯದೆ ಅಡಗುವುದೆಂಬುದು ಸ್ಥಿರಪಟ್ಟಿತು. ಸಮೂಹಕ್ಕೆ ಸಂಬಂಧಿಸಿದ ಪ್ರಶ್ನೆಗೆ ಅರ್ಧ ಸಮೂಹದೃಷ್ಟಿಯಿಂದ ಉತ್ತರವು ದೊರೆಯದೆಂಬುದೇ ಇದರ ಸಾರ.

ಈಗ ಅಂಕಿಗಳನ್ನು ಇಟ್ಟು ನೋಡೋಣ. ಮೇಲೆ ಹೇಳಿದ ಉಷ್ಣತೆ ಬಲಾಂಕಗಳನ್ನೇ ತೆಗೆದುಕೊಂಡರೆ, ಗ್ಲುವಾನಿನ ಅಲೆಯು ಒಂದು ಬಾರಿ ತೂಗುವುದಕ್ಕೆ ಸುಮಾರು ಒಂದು ಲವ ಬೇಕು. ದ್ರವ್ಯದ ಆಯುಸ್ಸೇ ಮೂರು ಲವ. ಎಂದರೆ ಮೂರು ತೂಗಾಟಗಳೊಳಗೆ ಉಯ್ಯಾಲೆಯೇ ಕಳಚಿ ಬೀಳುವುದು. ಇದಕ್ಕಿಂತಲೂ ಗಂಭೀರವಾದ ತೊಡಕು ಇನ್ನೊಂದುಂಟು. ಸಹಜ ಆವೃತ್ತಿಯು ಬಲಾಂಕಕ್ಕೆ ಅನುಗುಣವಾಗಿದ್ದರೆ, ಅಡಗುವ ವೇಗವು ಬಲಾಂಕದ ವರ್ಗಕ್ಕೆ ಅನುಗುಣವಾಗಿರುವುದು. ಬಲಾಂಕವು ಚಿಕ್ಕದಾದಾಗ ಅಲೆಯು ಬಹುಕಾಲ ತೂಗಿ ನಿಧಾನವಾಗಿ ಅಡಗುವುದು. ಬಲಾಂಕವು ೨ರಷ್ಟಾದರೆ ಎರಡೂ ಬಹುಮಟ್ಟಿಗೆ ಸಮನಾಗಿ, ಒಂದು ಸುತ್ತು ತೂಗುವುದರೊಳಗಾಗಿಯೇ ಅಲೆಯು ಅಡಗಿಹೋಗುವುದು. ಅಷ್ಟೇ ಅಲ್ಲ, ಚಿಕ್ಕ ಬಲಾಂಕವನ್ನು ನಂಬಿ ಮಾಡಿದ ಲೆಕ್ಕವೇ ಅಲ್ಲಿ ಶಂಕಾಸ್ಪದವಾಗುವುದು. ಹೀಗಿರುವಲ್ಲಿ ನಿಜವಾದ ಡಿಕ್ಕಿಗಳಲ್ಲಿ ಸಮೂಹದ ಗುರುತು ಯಾವ ರೂಪದಲ್ಲಿ ಸಿಕ್ಕೀತು?

೫. ಪ್ರಯೋಗಗಳಲ್ಲಿ ಕಂಡದ್ದು

ಮೊದಲು ಹುಡುಕಿದ್ದು ಮರೆಯೊಡ್ಡುವಿಕೆಯ ಗುರುತನ್ನು. ಚಾರ್ಮ್ ಎಂಬ ಭಾರವಾದ ಕ್ವಾರ್ಕೂ ಅದರ ಪ್ರತಿಕಣವೂ ಜೊತೆಗೂಡಿ ಜೆ-ಸೈ ಎಂಬ ಕಣವಾಗುವುವು. ಸುತ್ತಲಿನ ವರ್ಣಸಮೂಹವು ಇವೆರಡರ ನಡುವೆ ಮರೆಯೊಡ್ಡಿದರೆ ಜೋಡಿಯು ಬೇರೆಯಾಗಬೇಕೆಂದು ೧೯೮೬ರಲ್ಲಿ ಮಾತ್ಸುಯಿ ಮತ್ತು ಸಾಟ್ಸ್ ಎಂಬವರು ಸೂಚಿಸಿದರು. ಇದೇ ಜಾತಿಯ ಇನ್ನೂ ಭಾರವಾದ ಜೋಡಿ ಅಪ್ಸಿಲಾನ್. ಇದಕ್ಕೆ ಬಿಗಿಯಾದ ರೂಪವೊಂದೂ ಸಡಿಲವಾದ ರೂಪಗಳೂ ಉಂಟು. ಜಿನೀವಾದ ಬಳಿ ೨೭ ಕಿಲೋಮೀಟರು ಸುತ್ತಳತೆಯ ದೊಡ್ಡ ಡಿಕ್ಕಿಯಂತ್ರದಲ್ಲಿ ೨೦೧೦ರಿಂದ ಸೀಸದ ಬೀಜಗಳನ್ನು ಡಿಕ್ಕಿಹೊಡೆಯಿಸತೊಡಗಿದಮೇಲೆ, ಸಿ. ಎಂ. ಎಸ್. ಎಂಬ ಪ್ರಯೋಗದವರು ಸಡಿಲವಾದ ರೂಪಗಳು ಬಿಗಿಯಾದ ರೂಪಕ್ಕಿಂತ ಹೆಚ್ಚಾಗಿ ಕಡಿಮೆಯಾಗುವುವೆಂದು ತೋರಿಸಿದರು. ಮರೆಯೊಡ್ಡುವಿಕೆಯಿಂದ ನಿರೀಕ್ಷಿಸಬಹುದಾದ ಕ್ರಮವಿದು.

ಎರಡನೆಯ ಗುರುತು ಇನ್ನೂ ಸ್ಫುಟವಾದುದು. ನ್ಯೂಯಾರ್ಕ್ ಸಂಸ್ಥಾನದ ಬ್ರೂಕ್‌ಹೇವನ್ನಿನಲ್ಲಿ ೨೦೦೦ದಲ್ಲಿ ಚಿನ್ನದ ಬೀಜಗಳ ಡಿಕ್ಕಿಯು ಮೊದಲಾಯಿತು. ಎರಡು ಬೀಜಗಳು ನಡುವಿಗೆ ನಡು ತಾಗದೆ ಓರೆಯಾಗಿ ತಾಗಿದಾಗ ಅವು ಮೇಲುಬಿದ್ದ ಭಾಗವು ಬಾದಾಮಿಯ ಬೀಜದ ಆಕಾರದಲ್ಲಿರುವುದು. ಒಳಗಿರುವುದು ಬರಿಯ ಕಣಗಳ ರಾಶಿಯಾಗಿದ್ದರೆ ಅವು ಎಲ್ಲ ದಿಕ್ಕಿಗೂ ಸಮನಾಗಿ ಚೆದರಬೇಕು. ಒತ್ತಡವುಳ್ಳ ದ್ರವ್ಯವಾಗಿದ್ದರೆ ಬಾದಾಮಿಯ ಕಿರಿದಾದ ಅಗಲದ ದಿಕ್ಕಿನಲ್ಲಿ ಒತ್ತಡವು ಕಡಿದಾಗಿ ಇಳಿಯುವುದರಿಂದ ಆ ದಿಕ್ಕಿಗೆ ಹೆಚ್ಚು ಕಣಗಳು ಹಾರಬೇಕು. ಕಂಡುಬಂದದ್ದು ಎರಡನೆಯದು. ೨೦೦೫ರಲ್ಲಿ ಬ್ರೂಕ್‌ಹೇವನ್ನಿನ ವಿದ್ವಾಂಸರು, ತಾವು ಕಂಡ ವಸ್ತುವು ಅನಿಲದಂತಲ್ಲದೆ ಅತ್ಯಲ್ಪ ಸ್ನಿಗ್ಧತೆಯುಳ್ಳ ದ್ರವದಂತೆ ನಡೆಯುವುದೆಂದು ಸಾರಿದರು. ಸ್ನಿಗ್ಧತೆಯನ್ನು ಎಂಟ್ರೊಪಿಯ ದಟ್ಟಣೆಯಿಂದ ಭಾಗಿಸಿದಾಗ ಬರುವ ಪ್ರಮಾಣಕ್ಕೆ, ಅತಿ ಪ್ರಬಲವಾದ ಬಲದಿಂದ ಬೆಸೆದ ಒಂದು ವರ್ಗದ ಆದರ್ಶದ್ರವ್ಯಗಳಲ್ಲಿ, ಕ್ವಾಂಟಂ ಮಾನದಂತೆ ಸುಮಾರು ೦.೦೮ ಎಂಬ ಬೆಲೆಯಿರುವುದೆಂದು ಕೊವ್ಟುನ್, ಸೊನ್, ಸ್ಟಾರಿನೆಟ್ಸ್ ಎಂಬವರು ಗಣಿಸಿದ್ದರು. ಕ್ವಾರ್ಕ್-ಗ್ಲುವಾನ್ ದ್ರವ್ಯದ ಬೆಲೆಯು ಅದರ ಒಂದರಿಂದ ಎರಡೂವರೆ ಪಟ್ಟಿನೊಳಗೆ ಇರುವುದೆಂದು ಮುಂದಿನ ಅಂದಾಜುಗಳು ತಿಳಿಸಿದುವು.

ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಬೇಕು. ಕಣಗಳು ಒಂದಕ್ಕೊಂದು ತಾಗದೆ ಬಹುದೂರ ಓಡಬಲ್ಲುವಾದರೆ ಒಂದು ಭಾಗದ ವೇಗವನ್ನು ಇನ್ನೊಂದು ಭಾಗಕ್ಕೆ ಒಯ್ದು ಹರಿವನ್ನು ಕಲಕುವುವು; ಸ್ನಿಗ್ಧತೆಯು ಹೆಚ್ಚುವುದು. ಸ್ನಿಗ್ಧತೆಯು ಇಷ್ಟು ಅಲ್ಪವೆಂದರೆ ಕಣದ ಓಟವು ಅಷ್ಟು ಮೊಟಕಾದುದೆಂದೇ ಅರ್ಥ. ಆಗ ಬಿಡಿಬಿಡಿಯಾದ ಕ್ವಾರ್ಕಿನ ದಾರಿಯನ್ನು ಕುರಿತು ಮಾತನಾಡುವುದೇ ಕಷ್ಟವಾಗುವುದು. ಆದರೆ ದ್ರವದಲ್ಲಿ ಒಂದು ಸಾಮೂಹಿಕ ಸ್ಪಂದನವು ತಪ್ಪದೆ ಉಳಿಯುವುದು, ಅದೇ ಶಬ್ದತರಂಗ.

ಇದರ ವೇಗವನ್ನೂ ಅಳೆದಿದ್ದಾರೆ. ಬೀಜಗಳು ಸರಿಯಾಗಿ ನಡುವಿಗೆ ನಡು ತಾಗಿದಮೇಲೆ ದ್ರವ್ಯದ ಗಾತ್ರವು ಇನ್ನು ಬೆಳೆಯಲಾರದು. ಆಗಲೂ ಕೆಲವು ಡಿಕ್ಕಿಗಳಲ್ಲಿ ಹೆಚ್ಚು ಕಣಗಳು ಹೊರಬಿದ್ದರೆ, ಅದೇ ಗಾತ್ರದಲ್ಲಿ ದಟ್ಟಣೆಯೂ ಉಷ್ಣತೆಯೂ ಹೆಚ್ಚಿದುವೆಂದು ತಿಳಿಯಬೇಕು. ದಟ್ಟಣೆ ಹೆಚ್ಚಿದಂತೆ ಉಷ್ಣತೆಯು ಎಷ್ಟು ಏರುವುದೆಂಬ ಪ್ರಮಾಣವೇ ಶಬ್ದವೇಗದ ವರ್ಗವನ್ನು ತಿಳಿಸುವುದು. ೨೦೨೪ರಲ್ಲಿ ಸಿ. ಎಂ. ಎಸ್. ಪ್ರಯೋಗದವರು ಈ ಕ್ರಮದಿಂದ, ಸುಮಾರು ೨.೫ ಲಕ್ಷ ಕೋಟಿ ಡಿಗ್ರಿಗಳ ಉಷ್ಣತೆಯಲ್ಲಿ, ಬೆಳಕಿನ ವೇಗದ ವರ್ಗವನ್ನು ೧ ಎಂದಿಟ್ಟರೆ ಶಬ್ದವೇಗದ ವರ್ಗವು ೦.೨೪೧ ಎಂದು ಪ್ರಕಟಿಸಿದರು. ಎಂದರೆ ಈ ದ್ರವ್ಯದಲ್ಲಿ ಶಬ್ದವು ಬೆಳಕಿನ ಅರ್ಧದಷ್ಟು ವೇಗದಿಂದ, ಸೆಕೆಂಡಿಗೆ ಸುಮಾರು ೧,೪೭,೦೦೦ ಕಿಲೋಮೀಟರುಗಳಂತೆ ಸಾಗುವುದು.

೬. ಎರಡು ಕಾರಣ, ಒಂದು ಕೋನ

ಶಬ್ದಕ್ಕೆ ಸಂಬಂಧಿಸಿದ ಇನ್ನೊಂದು ವೃತ್ತಾಂತವನ್ನು ಇಲ್ಲಿ ಹೇಳುವುದು ಅವಶ್ಯಕ. ಶಬ್ದಕ್ಕಿಂತ ವೇಗವಾಗಿ ಹಾರುವ ಗುಂಡು ಗಾಳಿಯಲ್ಲಿ ಶಂಕುವಿನ ಆಕಾರದ ಅಲೆಯನ್ನು ಎಬ್ಬಿಸುವುದು. ಕ್ವಾರ್ಕ್-ಗ್ಲುವಾನ್ ದ್ರವ್ಯವನ್ನು ಸೀಳಿಕೊಂಡು ಹೋಗುವ ವೇಗಶಾಲಿಯಾದ ಕ್ವಾರ್ಕು ಕೂಡ ಇಂಥ ಶಂಕುವನ್ನು ಎಬ್ಬಿಸಬೇಕೆಂದು ಕೆಲವರು ಗಣಿಸಿದರು. ಆದರ್ಶವಾದ ಶಬ್ದವೇಗಕ್ಕೆ ಆ ಅಲೆಯು ಕ್ವಾರ್ಕಿನ ದಾರಿಯಿಂದ ಸುಮಾರು ೫೫ ಡಿಗ್ರಿಗಳಷ್ಟು ಓರೆಯಾಗಿ ಹೋಗಬೇಕು. ೨೦೦೫ರ ಸುಮಾರಿಗೆ ಬ್ರೂಕ್‌ಹೇವನ್ನಿನ ಅಳತೆಗಳಲ್ಲಿ, ಒಂದು ವೇಗಶಾಲಿ ಕಣಕ್ಕೆ ನೇರವಾಗಿ ಎದುರಾದ ದಿಕ್ಕಿನ ಎರಡು ಪಕ್ಕಗಳಲ್ಲಿ, ಸುಮಾರು ೬೦ ಡಿಗ್ರಿಗಳ ಆಸುಪಾಸಿನಲ್ಲಿ, ಎರಡು ಉಬ್ಬುಗಳು ಕಂಡುವು. ಶಂಕುವೇ ಸಿಕ್ಕಿತೆಂದು ಹಲವರು ಭಾವಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

೨೦೧೦ರಲ್ಲಿ ಆಲ್ವರ್ ಮತ್ತು ರೋಲಾಂಡ್ ಎಂಬವರು ಬೇರೊಂದು ಕಾರಣವನ್ನು ಮುಂದಿಟ್ಟರು. ಅದುವರೆಗೆ ಬೀಜವನ್ನು ನುಣುಪಾದ ಬಿಲ್ಲೆಯಂತೆ ಎಣಿಸುತ್ತಿದ್ದರು. ವಾಸ್ತವದಲ್ಲಿ ಅದು ಬಿಡಿ ಪ್ರೋಟಾನು ನ್ಯೂಟ್ರಾನುಗಳ ಗೊಂಚಲು; ಡಿಕ್ಕಿಯ ಕ್ಷಣದಲ್ಲಿ ಅವು ಎಲ್ಲೆಲ್ಲಿದ್ದುವೆಂಬುದು ಆಕಸ್ಮಿಕ. ಆದುದರಿಂದ ಮೇಲುಬಿದ್ದ ಭಾಗವು ಬಾದಾಮಿಯಂತೆ ಮಾತ್ರವಲ್ಲ, ತುಸು ಮುಕ್ಕೋಣಾಕಾರವಾಗಿಯೂ ಇರಬಹುದು. ಮುಕ್ಕೋಣದ ಹರಿವು ೧೨೦ ಡಿಗ್ರಿಗಳಿಗೊಂದರಂತೆ ಮೂರು ಕಡೆ ಉಬ್ಬುವುದು. ಒಂದು ಉಬ್ಬಿನಲ್ಲಿ ನಿಂತು ನೋಡಿದರೆ ಉಳಿದೆರಡು ನೇರ ಎದುರು ದಿಕ್ಕಿನಿಂದ ೬೦ ಡಿಗ್ರಿ ಆಚೀಚೆಗೆ ಬೀಳುವುವು! ಎರಡು ಬೇರೆ ಕಾರಣಗಳು ಬಹುಮಟ್ಟಿಗೆ ಒಂದೇ ಕೋನವನ್ನು ತೋರಿಸಿ ವಿದ್ವಾಂಸರನ್ನು ಐದು ವರ್ಷ ದಾರಿತಪ್ಪಿಸಿದುವು. ಮರುವರ್ಷದ ಅಳತೆಗಳು ಮುಕ್ಕೋಣದ ಹರಿವನ್ನು ದೃಢಪಡಿಸಿದುವು.

ಆದರೆ ಇದನ್ನು ಸೋಲೆಂದು ಎಣಿಸಬಾರದು. ಕಳೆದುಹೋದುದು ಒಂದು ಶಂಕು. ದೊರೆತದ್ದು ಸ್ಪಂದನಗಳ ಒಂದು ಶ್ರೇಣಿಯೇ. ಆರಂಭದ ಆಕಾರದ ಏರುಪೇರುಗಳೆಲ್ಲ ದ್ರವ್ಯದಲ್ಲಿ ಅಲೆಗಳಾಗಿ ಹರಡಿ ಕೊನೆಗೆ ಕಣಗಳ ದಿಕ್ಕುಗಳಲ್ಲಿ ಬರೆದಿಟ್ಟಂತೆ ಉಳಿಯುವುವು. ಇಬ್ಬದಿಯ, ಮುಕ್ಕೋಣದ, ಚೌಕದ, ಐಮೂಲೆಯ, ಆರುಮೂಲೆಯ ಹರಿವುಗಳನ್ನು ಅಳೆದಿದ್ದಾರೆ. ಮೂಲೆಗಳು ಹೆಚ್ಚಿದಂತೆ ಹರಿವು ಒಟ್ಟಿನಲ್ಲಿ ಕುಗ್ಗುವುದು. ದೇವಸ್ಥಾನದ ಗಂಟೆಯನ್ನು ಬಾರಿಸಿದಾಗ ಮೊದಲು ಕೇಳುವ ಕೀಚುದನಿಗಳು ಬೇಗನೆ ಅಡಗಿ ಗಂಭೀರವಾದ ದನಿಯೊಂದು ಕೊನೆಯವರೆಗೆ ಉಳಿಯುವಂತೆಯೇ ಇದು. ಅಲೆಯುದ್ದವು ಚಿಕ್ಕದಾದಷ್ಟೂ ಸ್ನಿಗ್ಧತೆಯು ಅದನ್ನು ಬೇಗನೆ ನುಂಗುವುದು. ಈ ಕುಗ್ಗುವಿಕೆಯಿಂದಲೇ ಸ್ನಿಗ್ಧತೆಯ ಅಂದಾಜು ಇನ್ನಷ್ಟು ನಿಖರವಾಯಿತು.

೭. ಉಪಸಂಹಾರ

ಮೊದಲಿನ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೂರು ಲವ ಬಾಳುವ ಈ ತುಣುಕು ನಿಜವಾಗಿಯೂ ದ್ರವ್ಯವೇ. ಏಕೆಂದರೆ ಅದರಲ್ಲಿ ಯಾವ ಕಣಕ್ಕೂ ಸೇರದ, ಸಮೂಹಕ್ಕೆ ಮಾತ್ರ ಸೇರಿದ ಅಲೆಗಳು ಹರಿಯುತ್ತವೆ. ಆದರೆ ಲೆಕ್ಕದಲ್ಲಿ ಸ್ಪಷ್ಟವಾಗಿರುವುದು ವರ್ಣದ ಅಲೆಗಳು. ಪ್ರಯೋಗದಲ್ಲಿ ಸ್ಪಷ್ಟವಾಗಿ ಕಂಡದ್ದು ಶಬ್ದದ ಅಲೆಗಳು. ಮೊದಲನೆಯವು ಕ್ವಾರ್ಕು ಗ್ಲುವಾನುಗಳ ಪರಿಚಯವನ್ನು ಹೇಳುವುವು. ಎರಡನೆಯವು ಅದನ್ನು ಮರೆಸುವುವು. ಇವೆರಡಕ್ಕೂ ವಿರೋಧವಿರಬೇಕಾಗಿಲ್ಲ. ಅತಿ ಸಮೀಪದಿಂದ ನೋಡಿದರೆ ಬಲವು ದುರ್ಬಲವಾಗಿ ಬಿಡಿ ಕಣಗಳು ಕಾಣಲೇಬೇಕು. ದೂರದಿಂದ ನೋಡಿದರೆ ದ್ರವವೇ ಕಾಣುವುದು. ಇವೆರಡರ ನಡುವೆ ಎಷ್ಟು ಫೆರ್ಮಿಗಳ ಅಂತರದಲ್ಲಿ ಒಂದು ನೋಟವು ಇನ್ನೊಂದಾಗುವುದೆಂಬುದೇ ಉಳಿದಿರುವ ಪ್ರಶ್ನೆ. ದ್ರವ್ಯವನ್ನು ಸೀಳಿಹೋಗುವ ಕ್ವಾರ್ಕು ತನ್ನ ಹಿಂದೆ ಬಿಡುವ ಅಲೆಗಳನ್ನು, ಸಮೂಹಕ್ಕೆ ಅಂಟಿಕೊಳ್ಳದೆ ಹೊರಬರುವ ಬೆಳಕಿನ ಕಣದ ಜೊತೆಯಲ್ಲಿಟ್ಟು ಅಳೆಯುವುದು ಇದಕ್ಕೆ ಹಿಡಿದಿರುವ ದಾರಿಗಳಲ್ಲಿ ಒಂದು.

ವಿಶ್ವವು ಹುಟ್ಟಿದ ಮೊದಲ ಸೆಕೆಂಡಿನ ಸುಮಾರು ಲಕ್ಷದಲ್ಲೊಂದು ಭಾಗದವರೆಗೆ ಎಲ್ಲೆಲ್ಲಿಯೂ ತುಂಬಿದ್ದುದು ಇದೇ ದ್ರವ್ಯವೆಂದು ತಿಳಿಯುತ್ತಾರೆ. ಅಷ್ಟು ಕಾಲವನ್ನು ಲವಗಳಲ್ಲಿ ಎಣಿಸಿದರೆ ೧ರ ಮುಂದೆ ೧೮ ಸೊನ್ನೆಗಳು ಬರುವುವು. ನಮ್ಮ ಯಂತ್ರಗಳಲ್ಲಿ ಮೂರು ಲವಗಳೊಳಗೆ ಮುಗಿದುಹೋಗುವ ಸ್ಪಂದನಗಳಿಗೆ ಅಲ್ಲಿ ಹುಟ್ಟಿ, ಹರಡಿ, ಅಡಗುವುದಕ್ಕೆ ಬೇಕಾದಷ್ಟು ಕಾಲವಿದ್ದಿತು. ನಾವು ಇಂದು ಕೇಳಲು ಯತ್ನಿಸುತ್ತಿರುವುದು ಆ ದೀರ್ಘವಾದ ನಾದದ ಒಂದು ತುಣುಕನ್ನೇ.